ಗಾಳಿಯಿಲ್ಲದ ದಿನಕ್ಕೆ ಕಾದ ರಿಸ್ಟೆನ್

ನನ್ನ ಗಂಡನ ಅಕ್ಕ ರಿಸ್ಟೆನ್‌ಳಂಥ ಹಟಮಾರಿಯನ್ನು ನಮ್ಮ ಬೆಟ್ಟಸಾಲಿನಲ್ಲೇ ನಾನು ಕಂಡಿಲ್ಲ. ಮದುವೆ ಬೇಡವೆಂದಳು, ಸ್ಕೀ ಕಟ್ಟಿಕೊಂಡು ಹಿಮಸಾರಂಗಗಳ ಹಿಂದೆ ಅಲೆದೇ ಕೂದಲು ಬೆಳ್ಳಗಾಯಿತು. ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ಎದ್ದ ಮೇಲೆ ಉಳಿದವರೆಲ್ಲ ವಸಂತದಲ್ಲಿ ತಮ್ಮ ಹಿಂಡನ್ನು ಲಾರಿಗೆ ಹತ್ತಿಸಿ, ಅವು ಈಯುವ ಆಚೆ ಕಣಿವೆಗೆ ಸಾಗಿಸತೊಡಗಿದರು. ಇವಳು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಬಸುರಿ ಪ್ರಾಣಿಯನ್ನು ಲಾರಿಯಲ್ಲಿ ಕುಲುಕಬಾರದು ಎಂಬುದು ಅವಳ ವಾದ.

ಆದರೆ ಹಿಮಸಾರಂಗ ನಡೆಯುವುದು ಗಾಳಿಗೆ ಮುಖ ಕೊಟ್ಟು. ಗಾಳಿ ಇದ್ದರೆ ಯಂತ್ರದ ರೆಕ್ಕೆ ತಿರುಗುತ್ತದೆ, ಹಿಂಡು ಬೆದರಿ ಹಿಂದಕ್ಕೆ ಓಡುತ್ತದೆ. ಗಾಳಿ ನಿಂತರೆ ಅವಕ್ಕೆ ದಿಕ್ಕೇ ತೋಚುವುದಿಲ್ಲ. ಆ ವರ್ಷ ರಿಸ್ಟೆನ್ ಗಾಳಿ ನಿಲ್ಲುವ ದಿನಕ್ಕೇ ಕಾದು ಕೂತಳು. ಪಳಗಿದ ಮುದಿ ಗಂಡು ಮುಸೆತ್‌ನ ಕೊರಳಿಗೆ ಗಂಟೆ ಕಟ್ಟಿ ಮುಂದೆ ನಡೆಸಿದರೆ ಹಿಂಡು ಆ ಸದ್ದಿನ ಬೆನ್ನು ಹಿಡಿದೀತೆಂಬ ಆಸೆ. ಇತ್ತ ಹೆಣ್ಣುಗಳ ಹೊಟ್ಟೆ ಇಳಿಬಿದ್ದಿತ್ತು. ಈಚೆ ಬದಿಯಲ್ಲೇ ಈದರೆ ಮಂಜುಗಡ್ಡೆಯಡಿ ಮೇವು ಸಿಗದು, ಕರುಗಳು ಹಾಲಿಲ್ಲದೆ ಸಾಯುತ್ತವೆ. ನನಗೆ ಭಯವಾಯಿತು.

"ಅಕ್ಕಾ, ಲಾರಿಗೆ ಹೇಳೋಣ್ವಾ?"

"ನೀನು ಬೇಕಾದ್ರೆ ಹತ್ಕೊಂಡು ಹೋಗೇ. ನಿನ್ನ ಹೊಟ್ಟೇಲೇನಿದೆ, ಕಾಫಿ ತಾನೆ?"

ಕೊನೆಗೊಂದು ಮುಂಜಾನೆ ಗಾಳಿ ಅಡಗಿತು. ರೆಕ್ಕೆಗಳು ನಿಂತವು. ಮುಸೆತ್‌ನಿಗೆಂದೇ ತಾನು ಕಟ್ಟಿದ್ದ ಹಾಡನ್ನು ಗುನುಗುತ್ತ ರಿಸ್ಟೆನ್ ಹಗ್ಗ ಹಿಡಿದು ಮುಂದಾದಳು. ಹಿಂದೆ ನಾನು, ನನ್ನ ಗಂಡ ಹೇಯಿಕಾ. ನೋಡುತ್ತಿದ್ದಂತೆಯೇ ಹಿಂಡು ಕಂಬಗಳ ನಡುವೆ ಸಾಲಾಗಿ ನಡೆದುಬಿಟ್ಟಿತು. ಆದರೆ ಕೊನೆಯ ಕಂಬದ ಬುಡದಲ್ಲಿ ಬಿಳಿಮುಖದ ಹೆಣ್ಣೊಂದು ಮಲಗಿತು. ಅದಕ್ಕೆ ನೋವು ಶುರುವಾಗಿತ್ತು.

ರಿಸ್ಟೆನ್ ಹಗ್ಗವನ್ನು ತಮ್ಮನ ಕೈಗೆ ಕೊಟ್ಟಳು. "ನೀನು ಹಿಂಡನ್ನ ಇಳಿಸ್ಕೊಂಡು ನಡಿಯೋ."

ಮನುಷ್ಯರು ಹತ್ತಿರವಿದ್ದರೆ ತಾಯಿ ಕರುವನ್ನು ಬಿಟ್ಟೇ ಹೋದೀತು. ನಾವಿಬ್ಬರೂ ದೂರ ಸರಿದು ಹಿಮದ ದಿಬ್ಬದ ಹಿಂದೆ ಬೋರಲು ಬಿದ್ದೆವು. ಕರು ನೆಲಕ್ಕೆ ಬೀಳುವ ಹೊತ್ತಿಗೆ ಗಾಳಿ ಎದ್ದಿತು. ತಲೆಯ ಮೇಲೆ ರೆಕ್ಕೆ ಗುಂಯ್ ಎಂದಿತು. ತಾಯಿ ನಡುಗುತ್ತ ಎದ್ದಿತು, ಎರಡು ಹೆಜ್ಜೆ ಓಡಿತು, ಮತ್ತೆ ತಿರುಗಿ ಬಂದು ಕರುವನ್ನು ನೆಕ್ಕಿತು. ಕರು ಆ ಸದ್ದಿಗೆ ಕಿವಿಯನ್ನೂ ಅಲುಗಿಸದೆ ಎದ್ದು ಹಾಲು ಕುಡಿಯಿತು.

"ಗೆದ್ದೆ ಬಿಡಕ್ಕಾ," ಎಂದೆ. ಅವಳು ಕಣ್ಣಿಗೆ ಹಿಡಿದಿದ್ದ ದುರ್ಬೀನು ಇಳಿಸಲಿಲ್ಲ.

"ಹೆಣ್ಣು ಕಣೇ," ಎಂದಳು. "ನಾಳೆ ಇದೂ ಬಸುರಾಗತ್ತೆ. ಈಯೋಕೆ, ತಾನು ಹುಟ್ಟಿದ ಜಾಗ ಹುಡುಕ್ಕೊಂಡು ಬರತ್ತಲ್ಲ."

ರಿಸ್ಟೆನ್ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಈ ಫ್ಯಾನಿನ ಬುಡವೇ ಇದಕ್ಕೆ ತವರಾಗ್ಹೋಯ್ತಲ್ಲೇ," ಎಂದಳು.