ಹೋಟೆಲಕ್ಕನ ದನಿ
ಊರಾಚೆಯ ಕಾಫಿ ಹೋಟೆಲಿನ ಅಕ್ಕನ ದನಿ ಬಸ್ ನಿಲ್ದಾಣದವರೆಗೂ ಕೇಳುತ್ತದೆ. ಕೋಳಿ, ಬಾತುಕೋಳಿಗಳು ಮೇಜಿನಡಿ ದರ್ಬಾರು ನಡೆಸುವ ಆ ಅಂಗಳದಲ್ಲಿ ಗಿರಾಕಿಗೂ ಹಕ್ಕಿಗೂ ಒಂದೇ ಗದರಿಕೆ. ಹುಂಜ ಕುರ್ಚಿ ಹಿಡಿದಿದ್ದರೆ, "ಅದು ಮೊದ್ಲು ಬಂದಿದೆ, ನೀವು ಆ ಕಡೆ ಕೂತ್ಕೊಳ್ಳಿ" ಎನ್ನುತ್ತಾಳೆ. ಮೂರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆದಾಗ, ಇನ್ನು ಪಿಸುಮಾತೇ ಗತಿ ಎಂದಿದ್ದರು ಡಾಕ್ಟರು. ಮನುಷ್ಯರೆದುರು ಬಾಯಿ ತೆರೆಯಲು ನಾಚಿದ ಅಕ್ಕ, ದಿನಾ ಬೆಳಿಗ್ಗೆ ಹಿತ್ತಲಲ್ಲಿ ಕೋಳಿಗಳನ್ನು ಕರೆದೂ ಕರೆದೂ ದನಿಯನ್ನು ಮರಳಿ ಪಡೆದಳು. ಮೊನ್ನೆ ಅದೇ ಡಾಕ್ಟರು ಕಾಫಿಗೆ ಬಂದು ಕೂತರು. "ಡಾಕ್ಟ್ರೇ, ಕಾಲೆತ್ತಿ! ಬಾತುಕೋಳಿ ಹೋಗ್ಲಿ!" ಎಂದು ಅಕ್ಕ ಒಳಗಿನಿಂದಲೇ ಅಬ್ಬರಿಸಿದಳು. ಡಾಕ್ಟರು ಥಟ್ಟನೆ ಎರಡೂ ಕಾಲೆತ್ತಿಕೊಂಡು, ಕಣ್ಣರಳಿಸಿ, "ಇನ್ನೊಂದ್ಸಲ ಗದರಮ್ಮ, ಕೇಳ್ಬೇಕು" ಎಂದರು.