ಕೆರೆಯ ಹಿಂಭಾಗ

ಸೀಟಿಯಪ್ಪನನ್ನು ನಾನು ಕಣ್ಣಿಂದ ನೋಡುವ ಮೊದಲು ಕಿವಿಯಿಂದ ಕೇಳಿದೆ. ಕೆರೆ ಅಂಚಿನಲ್ಲಿ ಬಗ್ಗಿ ಸೊಪ್ಪು ಕೊಯ್ಯುತ್ತಿದ್ದೆ. ಬೆನ್ನ ಹಿಂದೆ ಪೀಂ ಅಂತು. ಜೀವ ಬಾಯಿಗೆ ಬಂತು, ಕಾಲು ಕೆಸರಿಗೆ ಹೋಯಿತು. ತಿರುಗಿದರೆ ಹೊಸ ಖಾಕಿ ಬಟ್ಟೆ, ಅದರೊಳಗೆ ಕಡ್ಡಿಯಂಥ ಗಂಡಸು, ಬಾಯಲ್ಲಿ ಸೀಟಿ.

"ಏನಪ್ಪಾ, ರೈಲು ಹೊರಡಿಸ್ತಿದ್ದೀಯಾ?" ಅಂದೆ.

"ಇಲ್ಲಿ ಯಾರೂ ಇಳಿಯೋ ಹಾಗಿಲ್ಲ ಅಕ್ಕ. ಇನ್ಮೇಲೆ ಇದು ಹಕ್ಕಿಗಳ ಕೆರೆ. ನಾನು ಕಾವಲು."

ಅಂಥಿಂಥ ಕಾವಲಲ್ಲ. ದನ ನೀರಿಗೆ ಬಂದರೆ ಸೀಟಿ. ಮಕ್ಕಳು ನಕ್ಕರೆ ಸೀಟಿ. ಗಂಡಹೆಂಡತಿ ಬೆಂಚಿನ ಮೇಲೆ ತುಸು ಹತ್ತಿರ ಕೂತರೆ ಎರಡು ಸೀಟಿ. ಓಣಿಯವರು ಅವನಿಗೆ ಆ ಹೆಸರು ಇಟ್ಟಿದ್ದು ಸುಮ್ಮನೆ ಅಲ್ಲ. ಜನ ಓಡಾಡಲಿ ಎಂದು ಕೆರೆ ಸುತ್ತ ಕಲ್ಲು ಹಾಸಿದರು, ಜೊಂಡು ಅಸಹ್ಯ ಎಂದು ಕಿತ್ತರು, ನೀರಿನ ನಡುವೆ ಸಿಮೆಂಟಿನ ಕೊಕ್ಕರೆ ನಿಲ್ಲಿಸಿದರು. ಅದೊಂದೇ ಸೀಟಿಗೆ ಹೆದರದೆ ನಿಂತಿತು. ಜೀವ ಇದ್ದವೆಲ್ಲ ಗಂಟುಮೂಟೆ ಕಟ್ಟಿಕೊಂಡು ನಮ್ಮ ಹಿತ್ತಲ ಹಿಂದಿನ ತಗ್ಗಿಗೆ ಬಂದವು. ಓಣಿಯ ಬಚ್ಚಲ ನೀರೆಲ್ಲ ಹೋಗಿ ನಿಲ್ಲುವುದು ಅಲ್ಲೇ. ಕೆಸರು, ಜೊಂಡು, ಹುಳ, ಕಪ್ಪೆ. ಅವಕ್ಕೆ ಇನ್ನೇನು ಬೇಕು?

ಒಂದು ಸಂಜೆ ಸೀಟಿಯಪ್ಪ ಮುಖ ಬಾಡಿಸಿಕೊಂಡು ಬಾಗಿಲಿಗೆ ಬಂದ. ಸಾಹೇಬರು ಹಕ್ಕಿ ನೋಡಲು ಬರುತ್ತಾರಂತೆ. ಹಕ್ಕಿಯಿಲ್ಲದ ಕೆರೆಗೆ ಕಾವಲು ಯಾಕೆ ಎಂದು ಇವನನ್ನು ಮನೆಗೆ ಕಳಿಸುತ್ತಾರಂತೆ. ಮಗಳು ಬಾಣಂತಿ, ದುಡಿಯುವವನು ಇವನೊಬ್ಬನೇ.

"ಆ ಸೀಟಿ ಬಾಯಿಂದ ತೆಗಿ, ತಾವೇ ಬರ್ತಾವೆ."

"ಊದದಿದ್ರೆ ನಾನು ಕೆಲಸ ಮಾಡ್ತಿದ್ದೀನಿ ಅಂತ ಯಾರಿಗೆ ಗೊತ್ತಾಗುತ್ತೆ ಅಕ್ಕ?"

ಅದೂ ನಿಜವೇ. ನಮ್ಮ ಯಜಮಾನರೂ ಇದ್ದಷ್ಟು ದಿನ ಕೆಮ್ಮಿಕೊಂಡೇ ಸಂಸಾರ ನಡೆಸಿದರು.

ಸಾಹೇಬರು ಬಂದರು. ಸೀಟಿಯಪ್ಪ ಅವರನ್ನು ಸೀದಾ ನಮ್ಮ ಹಿತ್ತಲ ಗೋಡೆಯ ಹತ್ತಿರ ತಂದು ನಿಲ್ಲಿಸಿ, "ಇದು ಕೆರೆಯ ಹಿಂಭಾಗ ಸಾರ್" ಅಂದ. ಬೆಳ್ಳಕ್ಕಿ, ನೀರುಕೋಳಿ, ಅದರ ಹಿಂದೆ ಮರಿಗಳ ಸಾಲು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಹಿಗ್ಗಿದರು. "ಎಷ್ಟು ಸಹಜವಾಗಿ ಕಾಪಾಡಿದ್ದೀಯಪ್ಪಾ!" ನಾನು ಸೀರೆ ಹಿಂಡುತ್ತಾ ಎಲ್ಲ ಕೇಳಿಸಿಕೊಂಡೆ, ತುಟಿ ಬಿಚ್ಚಲಿಲ್ಲ. ಬಾಣಂತಿಯ ಅನ್ನ ಅದು.

ಮರುದಿನವೇ ಓಡಿ ಬಂದ. ಕೆಲಸವೇನೋ ಉಳಿಯಿತು, ಆದರೆ ಬೇಸಿಗೆಯಲ್ಲಿ ಸಾಹೇಬರು ತಮಗಿಂತ ದೊಡ್ಡವರನ್ನು ಕರೆತರುತ್ತಾರಂತೆ. ಅಷ್ಟರೊಳಗೆ ತಗ್ಗು ಒಣಗಿದರೆ ಹಕ್ಕಿಯೂ ಇಲ್ಲ, ಇವನೂ ಇಲ್ಲ. ಟೋಪಿ ಕೈಯಲ್ಲಿ ಹಿಡಿದು, ನೆಲ ನೋಡುತ್ತಾ ಕೇಳಿದ. ಆಮೇಲೆ ನನ್ನನ್ನು ಇನ್ನೇನೂ ಕೇಳುವ ಮುಖ ಅವನಿಗೆ ಉಳಿಯಲಿಲ್ಲ, ಹಾಗಾಗಿ ಅವನು ಕೇಳಿದ್ದರಲ್ಲಿ ಕೊನೆಯದು ಇದೇ:

"ತಪ್ಪು ತಿಳ್ಕೋಬೇಡಿ ಅಕ್ಕ. ಬೇಸಿಗೆ ಮುಗಿಯೋ ತನಕ ದಿನಕ್ಕೆರಡು ಸಲ ಸ್ನಾನ ಮಾಡ್ತೀರಾ?"