ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಹೈದರಾಬಾದಿನ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ಬಾಗಿಲ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಕೆಳಹಲಗೆಯ ಮೇಲೆ, ನನ್ನ ಅತ್ತೆಯವರ ನೀಲಿ ಪಟ್ಟಿಯ ಮೆತ್ತನೆಯ ಚಪ್ಪಲಿಗಳು ಬಹಳ ದಿನ ಮಣ್ಣು ಕಾಣದೆ ಹೊಸದಾಗಿಯೇ ಕುಳಿತಿದ್ದವು. ಡಾಕ್ಟರು ಹೇಳಿದರೆಂದು ಕೊಂಡದ್ದೇನೋ ಸರಿ; ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ ಮಗರಾಯರು, ಅಂದರೆ ನನ್ನ ಯಜಮಾನರು, ತಾಯಿಯನ್ನು ಲಿಫ್ಟಿನಾಚೆ ಬಿಟ್ಟಿದ್ದರೆ ತಾನೆ? ತಮ್ಮೂರು ರೋಣದ ಓಣಿಗಳನ್ನೆಲ್ಲ ಕಾಲಲ್ಲೇ ಅಳೆದ ಹೆಂಗಸು ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು, ಮೆಟ್ರೋ ಹೋಗುವುದನ್ನೂ ಬರುವುದನ್ನೂ ನೋಡುತ್ತ ನೋಡುತ್ತ ಮಾತನ್ನೇ ಮರೆತವರ ಹಾಗೆ ಆಗಿಬಿಟ್ಟಿದ್ದರು. ತೆಲುಗು ಬಾರದು, ಹಿಂದಿ ಬಾರದು, ಹೊರಗೆ ಹೋಗಿ ಮಾಡುವುದಾದರೂ ಏನು ಎಂಬುದು ಮಗನ ವಾದ. ನನಗೆ ರೇಗಿತು. ಈ ಭಾನುವಾರ ನಾನೇ ಕರೆದೊಯ್ಯುತ್ತೇನೆ ಎಂದೆ.

“ಏನರ ಆದ್ರ ನೀನ ಜವಾಬ್ದಾರಿ ನೋಡು. ಆಮ್ಯಾಲೆ ಅವ್ವನ್ನ ಹೊರಗ ಒಯ್ಯೂ ಮಾತ ತಗೀಬ್ಯಾಡ,” ಎಂದರು ಅವರು.

ಹೀಗೆ ಅತ್ತೆ-ಸೊಸೆ ಇಬ್ಬರೂ, ಹಳೆಯ ಊರನ್ನು ನಡೆಸಿ ತೋರಿಸುವ ಗುಂಪೊಂದಕ್ಕೆ ಹೆಸರು ಕೊಟ್ಟು, ಕೋಠಿಯಲ್ಲಿ ಮೆಟ್ರೋ ಇಳಿದೆವು. ಇಂಥ ನಡಿಗೆಗಳ ಸೊಗಸನ್ನು ನೀವೂ ಕಂಡಿರಬಹುದು. ಮೂಗಿಗೆ ಸೆರಗು ಹಿಡಿದು ಆಟೋದಲ್ಲಿ ದಾಟುವ ಓಣಿಯೇ ಯಾರೋ ಬೆರಳೆತ್ತಿ ತೋರಿಸಿದ ಕೂಡಲೇ ಬೇರೆಯಾಗಿಬಿಡುತ್ತದೆ; ಬನಿಯನ್, ಬಕೆಟ್ಟು ಮಾರುವ ಅಂಗಡಿಗಳ ನೆತ್ತಿಯ ಮೇಲೆ ಗಚ್ಚಿನ ಹೂಬಳ್ಳಿ, ಬಣ್ಣ ಹೋದ ಮರದ ಜಾಲಂಧ್ರ, ಅರಳಿಯ ಸಸಿಯೊಂದು ಬೇರೂರಿದ ಕಮಾನು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಅಯ್ಯೋ, ಇಷ್ಟು ವರ್ಷ ಸುಲ್ತಾನ್ ಬಜಾರಿಗೆ ಬಂದರೂ ನನ್ನ ಕಣ್ಣು ಬ್ಲೌಸ್ ಪೀಸಿನ ಎತ್ತರ ದಾಟಿರಲಿಲ್ಲವಲ್ಲ ಎಂದು ನನ್ನ ಬಗ್ಗೆ ನನಗೇ ನಗು ಬಂತು.

ಅತ್ತೆಯವರದ್ದು ಬೇರೆಯೇ ಪದ್ಧತಿ. ಸವೆದ ಮೆಟ್ಟಿಲು, ಎತ್ತರದ ಬಾಗಿಲು ಕಂಡಲ್ಲೆಲ್ಲ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಕಾಲಿಡುವುದು. ಅಲ್ಲಿಯತನಕ ಗುಂಪೆಲ್ಲ ಕಾಯುವುದು. ನಮ್ಮನ್ನು ನಡೆಸುತ್ತಿದ್ದ ಫರ್ಹಾನಾ, ಅಗಲ ಟೋಪಿಯ, ಗಟ್ಟಿ ದನಿಯ ಹುಡುಗಿ, “ಮಂದಿರ್ ನೈ ಅಮ್ಮಾ, ಚಪ್ಪಲ್ ನಕ್ಕೊ ಉತಾರೋ,” ಎಂದು ನಕ್ಕಳು.

“ಏನಂತಾಳ ಈಕಿ?”

“ಇದು ಗುಡಿ ಅಲ್ಲಂತ್ರಿ ಅತ್ತಿ, ಚಪ್ಪಲಿ ಬಿಡೂದು ಬ್ಯಾಡಂತ.”

“ಗುಡಿ ಅಲ್ದಿದ್ರ ಮನಿ. ಮಂದಿ ಮನಿಯಾಗ ಚಪ್ಪಲಿ ಹಾಕ್ಕೊಂಡು ಹೋಗೂದು ಎಲ್ಲೀ ರೀತಿ?”

ನಡಿಗೆ ಮುಂದುವರಿಯಿತು. ಕೊನೆಗೆ ದುರಸ್ತಿ ನಡೆದಿದ್ದ ಹಳೆಯ ಹವೇಲಿಯೊಂದರ ಮುಂದೆ ಎಲ್ಲರೂ ನಿಂತೆವು. ಹೆಂಗಸರನ್ನು ಹೊತ್ತ ಪರದೆಯ ಬಂಡಿಗಳು ಒಳಗೆ ಬರುತ್ತಿದ್ದ ಬಗೆಯನ್ನು ಫರ್ಹಾನಾ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರೆ ನಾನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದೆ. ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ನೀಲಿ ಪಟ್ಟಿಯ ಚಪ್ಪಲಿಗಳಿದ್ದವು, ಅತ್ತೆಯವರಿರಲಿಲ್ಲ.

ಅವರ ಫೋನು ನನ್ನ ಚೀಲದಲ್ಲೇ ಇತ್ತು. ಫರ್ಹಾನಾ ಬಜಾರಿನ ಕಡೆ ಓಡಿದಳು, ಉಳಿದವರು ಮತ್ತೊಂದು ಓಣಿ ಹಿಡಿದರು. ನಾನು ಹಸಿರು ಇಳಕಲ್ ಸೀರೆಯ ಮುದುಕಿಯನ್ನು ಕಂಡಿರಾ ಎಂದು ಹಿಂದಿಯಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಸಿಕ್ಕಸಿಕ್ಕವರನ್ನು ಕೇಳಿದೆ. ಯಾವ ಗಾಡಿಗೆ ಅಡ್ಡ ಹೋದರೋ, ಯಾರ ಹತ್ತಿರ ಏನು ಕೇಳಲು ಹೋಗಿ ತಡವರಿಸುತ್ತಿದ್ದಾರೋ ಎಂದು ಅಂಗಡಿ ಅಂಗಡಿಯೊಳಗೂ ಇಣುಕಿದೆ. ಸಿಕ್ಕರೂ ಇನ್ನು ಆ ಬಾಲ್ಕನಿಯ ಕುರ್ಚಿಯೇ ಅವರಿಗೆ ಗತಿ ಎಂಬ ಸಂಕಟ ಬೇರೆ.

ಸೋತು ಬಂದು ಅದೇ ಮೆಟ್ಟಿಲ ಮೇಲೆ, ಚಪ್ಪಲಿಗಳ ಪಕ್ಕದಲ್ಲಿ ಕುಸಿದು ಕುಳಿತೆ. ಆಗ ಹೊಳೆಯಿತು ನೋಡಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟವರು ಒಳಗೆ ಹೋಗಿರುತ್ತಾರೆ. ನಾವೆಲ್ಲ ಹುಡುಕಿದ್ದು ಹೊರಗೆ! ಕಿವಿಗೊಟ್ಟರೆ ಕಟ್ಟಡದ ಹಿಂದಿನಿಂದ ತಪ್ ತಪ್ ತಪ್ ಎಂಬ ಸಪ್ಪಳ. ರೊಟ್ಟಿ ಬಡಿಯುವ ಸಪ್ಪಳವದು. ನಾನು ಹುಟ್ಟಿ ಬೆಳೆದದ್ದೇ ಆ ಸಪ್ಪಳದಲ್ಲಿ, ತಪ್ಪುವುದುಂಟೇ?

ದುರಸ್ತಿಗೆಂದು ಕಟ್ಟಿದ್ದ ಸಾರುವೆಯ ಕಂಬಗಳ ನಡುವೆ ನುಸುಳಿ ಹಿತ್ತಲಿಗೆ ಹೋದೆ. ಬೇವಿನ ನೆರಳಲ್ಲಿ, ಗಚ್ಚಿನ ಕೆಲಸಕ್ಕೆ ಬಂದವರ ತಗಡಿನ ಗುಡಿಸಲ ಮುಂದೆ, ಮೂರು ಕಲ್ಲಿನ ಒಲೆ. ಹೆಂಗಸೊಬ್ಬಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳೆದುರು ಚಕ್ಕಳಮಕ್ಕಳ ಹಾಕಿ ಕುಳಿತ ಅತ್ತೆಯವರು, ಅಂಗೈಯಲ್ಲಿ ರೊಟ್ಟಿ, ಅದರ ಮೇಲೆ ಪುಂಡಿಪಲ್ಯ, ತಿಂಗಳುಗಟ್ಟಲೆ ಕೂಡಿಟ್ಟ ಮಾತನ್ನೆಲ್ಲ ಆಡುತ್ತಿದ್ದರು.

“ಎಲ್ಲಿ ಹೋಗಿದ್ದಿ ಇಷ್ಟೊತ್ತನಾ? ರೊಟ್ಟಿ ಆರಾಕತ್ತಾವು,” ಎಂದು ನನ್ನನ್ನೇ ಗದರಿಸಿದರು!

ನನಗೆ ಅಳು ಬಂತು, ನಗು ಬಂತು, ಆಮೇಲೆ ಹಸಿವೂ ಬಂತು. ಬೂಟು ಕಳಚಿ ಅಲ್ಲೇ ನೆಲಕ್ಕೆ ಕುಳಿತೆ. ಆ ಹೆಂಗಸು ಸುರಪುರದ ಕಡೆಯವಳು.

“ತಗೋರಿ ಅಕ್ಕಾರ, ಬಿಸಿ ಅದ,” ಎಂದು ರೊಟ್ಟಿ ಕೊಟ್ಟಳು. “ಈ ವಾಡೆ ನೋಡ್ಲಾಕ ಭಾಳ ಮಂದಿ ಬರ್ತಾರ್ರಿ. ‘ತಂಗಿ, ಒಳಗ ಬರ್ಲೇನ’ ಅಂತ ಕೇಳಿದವರು ಈ ಅವ್ವಾರ ಮೊದಲ.”

ಏದುಸಿರು ಬಿಡುತ್ತ ಬಂದ ಫರ್ಹಾನಾ ಎದೆಯ ಮೇಲೆ ಕೈಯಿಟ್ಟುಕೊಂಡು ಉಸ್ಸೆಂದಳು. ಅವಳ ಕೈಗೂ ಒಂದು ರೊಟ್ಟಿ ಬಂತು. ತಿನ್ನುತ್ತ ತಿನ್ನುತ್ತ ನಾನು ಹವೇಲಿಯ ಗೋಡೆಯನ್ನು ಹಿಂಬದಿಯಿಂದ ನೋಡಿದೆ. ಮುಂಬದಿಯ ಗಚ್ಚಿನ ಹೂಬಳ್ಳಿ ಇಲ್ಲಿರಲಿಲ್ಲ, ಒಲೆಯ ಹೊಗೆಗೆ ಕಪ್ಪಾದ ಕಲ್ಲಿತ್ತು, ಹಗ್ಗದ ಮೇಲೆ ಮಗುವಿನ ಅಂಗಿ ಒಣಗುತ್ತಿತ್ತು. ಎಷ್ಟೋ ಕಾಲ ಯಾರ್ಯಾರೋ ಉಂಡು ಮಲಗಿದ ಜಾಗ ಇದು ಎಂದು ನನಗೆ ತಿಳಿದದ್ದು ಆಗ. ಹೈದರಾಬಾದಿನಲ್ಲಿ ಇಷ್ಟು ಹಗುರಾಗಿ ನಾನೆಂದೂ ಕುಳಿತಿರಲಿಲ್ಲ.

ಮನೆಗೆ ಬಂದಾಗ ಯಜಮಾನರು ಬಾಗಿಲಲ್ಲೇ ನಿಂತಿದ್ದರು. “ಹೆಂಗಾತವಾ?”

“ಛಲೋ ಆತು. ಬರೂ ಐತವಾರ ಆಕಿಗೆ ಶೇಂಗಾ ಚಟ್ನಿ ಒಯ್ಯಬೇಕು,” ಎಂದರು ಅತ್ತೆ, ಆಕೆ ಯಾರೆಂದು ಹೇಳುವ ಗೋಜಿಗೇ ಹೋಗದೆ.

ಯಜಮಾನರು ನನ್ನ ಮುಖ ನೋಡಿದರು. ನಾನು ಬಗ್ಗಿ, ಸುಣ್ಣದ ಧೂಳು ಮೆತ್ತಿದ ಆ ನೀಲಿ ಪಟ್ಟಿಯ ಚಪ್ಪಲಿಗಳನ್ನು ತೊಳೆಯಲು ಎತ್ತಿಕೊಂಡೆ.

“ಇರ್ಲಿ ಬಿಡವಾ,” ಎಂದರು ಅತ್ತೆ. “ಮತ್ತ ಧೂಳು ಹತ್ತೂದ ಐತಿ.”